ಮುಂಗುಸಿರಾಯನ ಹೆಂಡ

ಹಾವುಗಳಿಗೆಲ್ಲ ಸಿಂಹಸ್ವಪ್ನವಾಗಿದ್ದ ಮುಂಗುಸಿರಾಯನಿಗೆ ಈಚಲ ಮರದ ಮಡಕೆಯಿಂದ ತೊಟ್ಟಿಕ್ಕುವ ಹೆಂಡದ ರುಚಿ ಹತ್ತಿತು. ಹಗಲೆಲ್ಲ ಆ ಮರದ ಬುಡದಲ್ಲೇ ಬಿದ್ದಿರುತ್ತಿದ್ದ.

"ಸಾಕು ಏಳಿ, ನಮ್ಮ ಬಿಲದ ಸುತ್ತ ನಾಗರಹಾವು ಸುಳಿದಾಡುತ್ತಿದೆ," ಎಂದಳು ಹೆಂಡತಿ.

"ನನ್ನ ಹೆಸರು ಕೇಳಿದರೆ ಸಾಕು, ಅದು ಹುತ್ತ ಸೇರುತ್ತದೆ. ಕುಡಿತವನ್ನೂ ಅಷ್ಟೇ, ಬೇಕೆಂದಾಗ ಬಿಡಬಲ್ಲೆ. ನಡಿ!" ಎಂದು ರಾಯ ಗದರಿದ.

ಮರುದಿನ ಮರಿಗಳನ್ನು ಕಾಯಲು ಅವನನ್ನೇ ಕೂರಿಸಿ ಹೆಂಡತಿ ಬೇಟೆಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ರಾಯ ಕಂಠಪೂರ್ತಿ ಕುಡಿದು ಬಂದು ಬಿಲದ ಬಾಗಿಲಲ್ಲಿ ಉರುಳಿಕೊಂಡ. ನಾಗರಹಾವು ಬಂದಾಗ ಏಳಲು ನೋಡಿದ, ಕಾಲು ನಿಲ್ಲಲಿಲ್ಲ.

"ಗಂಡಸಾದರೆ ಮೊದಲು ನನ್ನನ್ನು ಕಚ್ಚು!" ಎಂದು ತೊದಲಿದ.

ಹಾವು ಅವನ ಬಾಯಿ ಮೂಸಿ ಮುಖ ತಿರುಗಿಸಿತು. "ನಿನ್ನ ಮೇಲೆ ನನ್ನ ವಿಷ ಯಾಕೆ ದಂಡ ಮಾಡಲಿ? ನಿನ್ನ ಪಾಲಿನದನ್ನು ನೀನೇ ಕುಡಿದು ಬಂದಿದ್ದೀಯಲ್ಲ," ಎಂದು ಅವನ ಮೈಮೇಲೆ ಹಾದು, ಮರಿಗಳು ಮಲಗಿದ್ದ ಬಿಲದೊಳಗೆ ನಿಧಾನವಾಗಿ ಇಳಿಯಿತು.