ಮಾಬವ್ವ ಕಳಚಿದ ಲಾಳಗಳು

ಈ ಕತೆಯನ್ನು ಮೊದಲು ಹೇಳಿದವಳು ಹಾಲಬಾವಿಯ ಕಲ್ಲವ್ವಾಯಿ. ನಿನಗೆ ಯಾರು ಹೇಳಿದರು ಎಂದು ಕೇಳಿದರೆ ಎಲೆಅಡಿಕೆ ಬಾಯಿಗಿಟ್ಟುಕೊಳ್ಳುತ್ತಿದ್ದಳು.

ಬಹಳ ಹಿಂದೆ, ಹೊಳೆದಂಡೆಯ ಒಂದೂರಿನಲ್ಲಿ ಮಾಬವ್ವ ಅಂತ ಒಬ್ಬಳಿದ್ದಳಂತೆ. ಕುದುರೆಗೆ ಲಾಳ ಬಡಿಯುವ ನಾಲಬಂದರ ಮನೆಯ ಸೊಸೆ. ಗಂಡ ತೀರಿಕೊಂಡ ಮೇಲೆ ಸುತ್ತಿಗೆ ತಾನೇ ಹಿಡಿದಳಂತೆ. ಹೆಂಗಸು ಲಾಳ ಬಡಿಯೋದುಂಟೇ ಎಂದು ಊರ ಗಂಡಸರು ಆಡಿಕೊಂಡರಂತೆ. ಕುದುರೆಗಳು ಮಾತ್ರ ಏನೂ ಅನ್ನಲಿಲ್ಲವಂತೆ. ಅವಳು ಅಂಗೈ ಮಗುಚಿ ಕಾಲು ಸವರಿದರೆ ಒದೆಯುವ ಕುದುರೆಯೂ ಕಣ್ಣು ಮುಚ್ಚಿ ನಿಲ್ಲುತ್ತಿತ್ತಂತೆ.

ಅದೇ ಊರಲ್ಲಿ ಸಿದರಾಯ ಜೋಡಿಕುದುರೆ ಗಾಡಿ ಹೊಡೆಯುತ್ತಿದ್ದ. ಬಲಕ್ಕೆ ಮುತ್ತಿ ಎಂಬ ಹೆಣ್ಣುಕುದುರೆ, ಎಡಕ್ಕೆ ಶಾಮ. ಒಂದು ಬೇಸಿಗೆಯಲ್ಲಿ ಶಾಮ ಸತ್ತ. ಹೊಳೆಯಾಚೆ ಹೂತು ಬಂದದ್ದಾಯಿತು. ಆಮೇಲೆ ಸಿದರಾಯ ಮುತ್ತಿಯೊಂದನ್ನೇ ಸಣ್ಣ ಗಾಡಿಗೆ ಕಟ್ಟಿದ. ವಯಸ್ಸಾದ ಕುದುರೆ. ಮುಂಗಾಲುಗಳ ಮೇಲೆ ಗಂಟುಗಳೆದ್ದವು. ಕುಂಟು ಎಂದರೆ ದೊಡ್ಡ ಕುಂಟಲ್ಲ, ಎಡಗಾಲು ಊರುವಾಗ ತಲೆ ತುಸು ಮೇಲೆತ್ತುತ್ತಿದ್ದಳು, ಅಷ್ಟೆ.

"ಕಬ್ಬಿಣ ಕಾಯಿಸಿ ಬರಿ ಹಾಕಿಸಲೇ. ಅದಕ್ಕೂ ಬಗ್ಗಲಿಲ್ಲಂದ್ರ ಹೊಳಿ ಆಚೆ ಬಿಟ್ಟು ಬಾ, ನರಿ ನೋಡ್ಕೋತಾವ" ಎಂದರಂತೆ ಕಟ್ಟೆ ಮೇಲೆ ಕೂತವರು. ತಾಯಿ ಸತ್ತ ಮರಿಯಾಗಿದ್ದಾಗ ಮುತ್ತಿಗೆ ಬಟ್ಟೆ ಅದ್ದಿ ಅದ್ದಿ ಹಾಲು ಕುಡಿಸಿದವನು ಸಿದರಾಯ. ಅವನು ಅವರ ಮಾತು ಕೇಳದೆ ಮುತ್ತಿಯನ್ನು ಹಿಡಿದುಕೊಂಡು ಮಾಬವ್ವನ ಬಾಗಿಲಿಗೆ ಹೋದ.

ಮಾಬವ್ವ ಗಂಟು ಸವರಿದಳಂತೆ. ಮಟಮಟ ಮಧ್ಯಾಹ್ನ, ನೆಲ ಕಾದು ಹಂಚಾಗಿತ್ತು. ಬಲಗಾಲಿನ ಗಂಟು ಬೆಚ್ಚಗಿತ್ತು. ಎಡಗಾಲಿನದು ಮಾತ್ರ ಹೊಳೆಯೊಳಗಿನ ಕಲ್ಲಿನ ಹಾಗೆ ತಣ್ಣಗೆ. ಅವಳು ಕೈ ಹಿಂದಕ್ಕೆ ತೆಗೆದು ಸೀರೆಗೆ ಒರೆಸಿಕೊಂಡಳಂತೆ.

"ಎಂದಿನಿಂದ ಹಿಂಗೈತಿ?"

"ಶಾಮ ಹೋದಾಗಿಂದ, ಬೇ."

"ಹೊಳಿಗೆ ಒಯ್ದು ಹಗ್ಗ ಬಿಚ್ಚು. ಹಸಿ ಉಸುಕಿನ ಮ್ಯಾಲ ನಡಿಲಿ."

ಮುತ್ತಿ ಹೊಳೆಯ ಉಸುಕಿನ ಮೇಲೆ ತನ್ನಷ್ಟಕ್ಕೆ ತಾನು ನಡೆದಳಂತೆ. ಎಡಗಿವಿ ಮಾತ್ರ ಪಕ್ಕಕ್ಕೆ ತಿರುಗಿತ್ತಂತೆ, ಯಾರದೋ ಮಾತು ಕೇಳುವ ಹಾಗೆ. ಸಿದರಾಯ ಅವಳು ನಡೆದ ದಾರಿ ನೋಡಿದ. ಮುತ್ತಿಯ ಹೆಜ್ಜೆಯ ಎಡಕ್ಕೆ ಇನ್ನೊಂದು ಸಾಲು ಹೆಜ್ಜೆ. ಕುಂಟಿಲ್ಲದ, ಹಗುರ ಹೆಜ್ಜೆ. ಅವನು ನೋಡುತ್ತಿದ್ದಂತೆಯೇ ಮುಂದೆ ಮತ್ತೊಂದು ಮೂಡಿತು, ಮೂಡಿ ಅದರಲ್ಲಿ ನೀರು ಒಸರಿತು ಎನ್ನುತ್ತಾರೆ.

ಮಾಬವ್ವ ಮುತ್ತಿಯ ಗೊರಸು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಇವು ನಾ ಬಡದ ಲಾಳ ಅಲ್ಲ. ಯಾರ್ವು ಇವು, ಸಿದರಾಯಾ?"

ಆ ಸೀಮೆಯಲ್ಲಿ ಕುದುರೆ ಸತ್ತರೆ ಲಾಳದ ಸಮೇತ ಹೂಳುವುದು ರೂಢಿ. ಶಾಮನ ಲಾಳ ಇನ್ನೂ ಸವೆದಿರಲಿಲ್ಲ. ಮಣ್ಣಿಗೆ ಯಾಕೆ ಹಾಕಬೇಕೆಂದು ಸಿದರಾಯ ಕಿತ್ತುಕೊಂಡು, ಸಂತೆಯೂರಿನ ಕಮ್ಮಾರನಿಂದ ಮುತ್ತಿಗೆ ಬಡಿಸಿದ್ದ.

"ಶಾಮಂದು" ಎಂದ.

"ಎಂಟು ಕಾಲಿನ ಭಾರ ನಾಕು ಕಾಲಿಗೆ ಹೊರಿಸಿದ್ರ ಗಂಟು ಏಳದ ಹೂವು ಬಿಡ್ತಾವೇನೋ, ಖೋಡಿ!"

ಲಾಳದ ಅಳತೆ ಕೂಡದೆ ಕುಂಟಿರಬೇಕು ಎಂದು ಓದಿದವರು ಹೇಳುತ್ತಾರೆ. ಇರಬಹುದು. ಉಸುಕಿನ ಮೇಲಿನ ಹೆಜ್ಜೆಯ ಅಳತೆ ಯಾವುದಕ್ಕೆ ಕೂಡುತ್ತಿತ್ತೆಂದು ಅವರು ಹೇಳುವುದಿಲ್ಲ.

ಮಾಬವ್ವ ಲಾಳಗಳನ್ನು ಕಳಚಿದಳು. ಯಾರಾದರೂ ಇವನ್ನು ಶಾಮನ ಗುಂಡಿಗೆ ಮುಟ್ಟಿಸಬೇಕು ಎಂದಳು. ನಾನೇ ಹೋಗ್ತೀನಿ ಬೇ, ತಪ್ಪು ನಂದು, ಎಂದು ಸಿದರಾಯ ಮುಂದೆ ಬಂದ.

"ನೀ ಹೋದ್ರ ಇಕಿನೂ ಬೆನ್ನ ಹತ್ತಿ ಬರ್ತಾಳ. ಬಂದ್ರ ಅಲ್ಲೇ ಉಳಿತಾಳ. ಇಕಿ ಬೇಕಂದ್ರ ಗಟ್ಟಿ ಹಿಡಕೊಂಡು ನಿಂದ್ರು."

ಲಾಳಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಮಾಬವ್ವ ಹೊಳೆಗೆ ಇಳಿದಳಂತೆ. ಅವಳ ಹಿಂದೆ ಉಸುಕಿನ ಮೇಲೆ ಹೆಜ್ಜೆ ಮೂಡುತ್ತ ಹೋದವಂತೆ. ಮುತ್ತಿ ಹೇಷಾರವ ಮಾಡಿ ಜಗ್ಗಿದಳು. ಸಿದರಾಯ ಕೊರಳಿಗೆ ಜೋತುಬಿದ್ದ, ಉಸುಕಲ್ಲಿ ಎಳೆದಾಡಿಸಿಕೊಂಡ, ಕೈ ಬಿಡಲಿಲ್ಲ. ಆಚೆ ದಡದಿಂದ ಮತ್ತೊಂದು ಹೇಷಾರವ ಕೇಳಿತು. ಮುತ್ತಿ ಸುಮ್ಮನಾದಳು.

ಮಾಬವ್ವ ತಿರುಗಿ ಬರಲಿಲ್ಲ ಎನ್ನುತ್ತಾರೆ. ಮಗಳ ಊರಿಗೆ ಹೋದಳು ಎನ್ನುವವರೂ ಇದ್ದಾರೆ. ಅಂಥವರು ಪ್ರತಿ ಊರಲ್ಲೂ ಇರುತ್ತಾರೆ.

ಮುತ್ತಿಯ ಗಂಟುಗಳು ಹೋಗಲಿಲ್ಲ. ತಣ್ಣಗಿದ್ದ ಎಡಗಾಲಿನ ಗಂಟು ಮಾತ್ರ ಬೆಚ್ಚಗಾಯಿತು. ಸಿದರಾಯ ಅವಳನ್ನು ಮತ್ತೆ ಗಾಡಿಗೆ ಕಟ್ಟಲಿಲ್ಲ. ದಿನಾ ಬೆಳಿಗ್ಗೆ ಮೊಣಕಾಲುದ್ದ ನೀರಲ್ಲಿ ನಿಲ್ಲಿಸಿ, ಮೆತ್ತನೆ ನೆಲದ ಮೇಲೆ ಅಡ್ಡಾಡಿಸಿದ. ಚಳಿಗಾಲದಲ್ಲಿ ತುಸು ಕುಂಟುತ್ತಲೇ ಬಹಳ ಕಾಲ ಬದುಕಿದಳಂತೆ.

ಇವತ್ತಿಗೂ ಆ ಕಡೆ ಮುದಿ ಕುದುರೆಯ ಕಾಲಿಗೆ ಗಂಟೆದ್ದರೆ ಯಾರೂ ಬರೆ ಹಾಕುವುದಿಲ್ಲ. ಮೊದಲು ಗೊರಸು ಎತ್ತಿ ಲಾಳ ಯಾರದೆಂದು ಕೇಳುತ್ತಾರೆ. ಆಮೇಲೆ ಮಾಬವ್ವನ ಹೆಸರು ಹೇಳಿ ಹೊಳೆನೀರಿಗೆ ಇಳಿಸುತ್ತಾರೆ. ಎಡಕ್ಕೆ ಮಾತ್ರ ಯಾರೂ ನಿಲ್ಲುವುದಿಲ್ಲ.

ಕೇಳಿದಿರಲ್ಲ, ಇನ್ನು ನೀವೂ ಒಬ್ಬರಿಗೆ ಹೇಳಿ. ಹಗಲು ಹೊತ್ತಿನಲ್ಲೇ ಹೇಳಿ. ಹೇಳುವಾಗ ನಿಮ್ಮ ಎಡಕ್ಕೆ ಒಂದಿಷ್ಟು ಜಾಗ ಬಿಟ್ಟು ಕೂತುಕೊಳ್ಳಿ.