ಕೂಳೆ ಜೋಳದ ಚಿಗುರು

ಹೊಳೆ ದಂಡೆಗೆ ಒಂದು ಆಶ್ರಮ. ಇದ್ದವರು ಇಬ್ಬರೇ, ಶಂಭಯ್ಯಜ್ಜ ಮತ್ತು ಅವರ ಶಿಷ್ಯ ಕಲ್ಮೇಶ. ಮೂರನೆಯವಳು ಕೆಂದಿ, ಆಕಳು. ಮನೆ ಮಾರು ಎಲ್ಲ ಬಿಟ್ಟು ಬಂದಿದ್ದ ಕಲ್ಮೇಶ, ಆಕೆಯ ಮೇಲಿನ ಮೋಹ ಮಾತ್ರ ಬಿಡಲಾರದವನಾಗಿದ್ದ.

ಅವತ್ತು ಮಧ್ಯಾಹ್ನ ಏದುಸಿರು ಬಿಡುತ್ತ ಓಡಿ ಬಂದ.

"ಅಜ್ಜಾರ, ಕೆಂದಿ ಬಿದ್ದಾಳ್ರೀ! ಉಸಿರು ಆಡವಲ್ಲದು!"

"ಏನು ತಿಂದಾಳ?"

"ಜೋಳ ಕೊಯ್ದ ಹೊಲದಾಗ ಬಿಟ್ಟಿದ್ದೆ. ಕೂಳೆ ಚಿಗಿತಿತ್ತು. ದಿನಾ ಒಣ ಕಣಿಕಿ ತಿಂತಾಳ, ಪಾಪ, ಒಂದಿನಾರ ಎಳೇದು ತಿನ್ನಲಿ ಅಂತ..."

"ಎಳೇ ಕೂಳೆ ಅಂದ್ರ ದನಕ್ಕ ವಿಷ. ನಿನ್ನ ನಾಲಿಗಿ ಚಪಲಾ ಆಕಿಗ್ಯಾಕ ಹಚ್ಚಿದೆಪಾ?"

ಅಷ್ಟೇ ಅಂದರು ಅಜ್ಜ. ಬೆಲ್ಲ ಕುಟ್ಟಿ ನೀರಿಗೆ ಹಾಕಿ, ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಹಿಡಿದು ನಡೆದರು.

ಕೆಂದಿಯ ಕಾಲು ನಡುಗುತ್ತಿದ್ದವು. ಒಸಡು ದಾಸವಾಳದ ಹಾಗೆ ಕೆಂಪು. ಕಲ್ಮೇಶ ಆಕೆಯ ತಲೆ ಎತ್ತಿ ಹಿಡಿದ. ಅಜ್ಜ ಬೆಲ್ಲದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು.

"ಉಳೀತಾಳೇನ್ರೀ?"

"ಗೊತ್ತಿಲ್ಲ."

ಅವನು ಆಕೆಯ ಹೊಟ್ಟೆಯ ಮೇಲೆ ಕೈಯಿಟ್ಟ. ಏರಿತು. ಇಳಿಯಿತು. ಮತ್ತೆ ಏರಲಿಕ್ಕೆ ಎಷ್ಟು ಹೊತ್ತು, ಶಿವನೇ!

ಸುಮ್ಮನಿರಲಾರದೆ ಕೇಳಿದ, "ಮುಂಜಾನೆ ನಾವು ತಿಂದಿದ್ದು ಇದ ಹೊಲದ ರೊಟ್ಟಿ. ನಮಗೇನೂ ಆಗಲಿಲ್ಲ. ಇದರಾಗ ವಿಷ ಎಲ್ಲಿಂದ ಬಂತ್ರೀ?"

"ಹೊರಗಿಂದ ಬಂದಿಲ್ಲ ತಮ್ಮಾ. ಬೇರು ಉಂಡ ಸಾರ ಒಂದ. ಜೋಳ ಅದರಾಗ ಮೈ ಕಟ್ಟತದ, ಕಾಳು ಕಟ್ಟತದ. ಅದ ಸಾರದಾಗ ಒಂದೀಟು ತಗದು ವಿಷಾನೂ ಮಾಡಿಕೋತದ."

"ಯಾಕ?"

"ಓಡಲಿಕ್ಕೆ ಅದಕ್ಕ ಕಾಲಿಲ್ಲ. ಎಳೇದಿದ್ದಾಗ ಬಂದವರೆಲ್ಲ ಬಾಯಿ ಹಾಕತಾರ. ಆಳೆತ್ತರ ಬೆಳದು ಬಲೀತು ಅಂದ್ರ, ತಾನ ವಿಷ ಕಡಿಮಿ ಮಾಡತದ."

ಹೊತ್ತು ಇಳಿಯಿತು. ಇಬ್ಬರೂ ಆಕೆಯ ಉಸಿರನ್ನೇ ನೋಡುತ್ತ ಕೂತರು.

ಕೆಂದಿ ಒಮ್ಮೆ ಸೀನಿದಳು. ಮುಂಗಾಲು ಊರಿದಳು, ಬಿದ್ದಳು. ಮತ್ತೆ ಊರಿದಳು. ಓಲಾಡಿಕೊಂತ ಎದ್ದು ನಿಂತೇಬಿಟ್ಟಳು.

ಕಲ್ಮೇಶ ಆಕೆಯ ಕೊರಳು ತಬ್ಬಿ ಅತ್ತ. ಅಳು ಮುಗಿಯಿತೋ ಇಲ್ಲವೋ, ಸಿಟ್ಟು ಬಂತು. ಕುಡುಗೋಲು ತಂದವನೇ ಹೊಲಕ್ಕೆ ನುಗ್ಗಿದ.

"ಒಂದು ಚಿಗುರೂ ಬಿಡಂಗಿಲ್ಲ! ಎಲ್ಲಾ ಕೊಯ್ದು ಒಗೀತೇನಿ!"

ಅಜ್ಜ ಬದುವಿನ ಮೇಲೆ ಕೂತು ಕೇಳಿದರು:

"ಕೊಯ್ದಿದ್ದಕ್ಕ ಅಂಜಿ ವಿಷ ಆಗೇದ ಅದು. ಮತ್ತ ಕೊಯ್ತಿ?"