ಸುಡದ ಮೊಳೆ

"ಅಜ್ಜಾರ, ನೀಲಗಂಗವ್ವನ್ನ ಅಡಿಗಿಮನಿಯಿಂದ ಬಿಡಿಸಿ ಬ್ಯಾರೆಯಾಕಿನ್ನ ಇಟ್ಕೊಂಡ್ರ ತಪ್ಪೇನ್ರಿ?"

ಮಠದ ದಾಸೋಹ ನೋಡಿಕೊಳ್ಳುವ ಚನ್ನಮಲ್ಲಯ್ಯ ಮಠದ ಸ್ವಾಮಿಗಳಾದ ಅಜ್ಜನವರನ್ನು ಹೀಗೆ ಕೇಳಿದಾಗ ಅವನ ಮುಖ ಇನ್ನೂ ಕೆಂಪಗಿತ್ತು. ನಾಲ್ಕು ಜನ ಕೇಳಿದರೆ ಎಂಟು ಜನರನ್ನು ಊಟಕ್ಕೆ ಕರೆಯುವುದು ಅವನ ಸ್ವಭಾವ. ಆವತ್ತು ಮಧ್ಯಾಹ್ನದ ದಾಸೋಹದ ಜೊತೆಗೆ ಒಂದು ನಿಶ್ಚಿತಾರ್ಥದ ಊಟ ಒಪ್ಪಿಕೊಂಡಿದ್ದ, ಭಜನೆಯವರ ಊಟವನ್ನೂ ಒಪ್ಪಿಕೊಂಡಿದ್ದ. ಅದೂ ಸಾಲದೆಂದು ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರ್ ತುಂಬ ಜನರನ್ನು ಕೈಬೀಸಿ ಕರೆದ. ಒಲೆ ಇದ್ದದ್ದು ಅದೇ, ಕೈ ಇದ್ದದ್ದೂ ಅವೇ. ಅಡುಗೆಯ ನೀಲಗಂಗವ್ವ ಟ್ರ್ಯಾಕ್ಟರ್ ನೋಡಿದಳು, ಸೌಟು ಕೆಳಗಿಟ್ಟಳು, ಬೇವಿನ ಮರದ ಕೆಳಗೆ ಹೋಗಿ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ಟ್ರ್ಯಾಕ್ಟರಿನವರು ಬಾಳೆಹಣ್ಣು ತಿಂದು ಹೋದರು. ಅವರ ಎದುರಿಗೆ ಚನ್ನಮಲ್ಲಯ್ಯನ ಮಾನ ಮೂರಾಬಟ್ಟೆಯಾಯಿತು. ಆಕೆ ಸೌಟು ಇಟ್ಟದ್ದು ಇದೇ ಮೊದಲೂ ಅಲ್ಲ.

ಪಕ್ಕದ ಊರಲ್ಲಿ ಒಬ್ಬಾಕೆಯನ್ನು ನೋಡಿಟ್ಟಿದ್ದೇನೆ, ಎಷ್ಟು ಹೇರಿದರೂ ಬಾಯಿ ಬಿಡುವುದಿಲ್ಲ, ನಾಳೆಯಿಂದಲೇ ಬರುತ್ತಾಳೆ ಎಂದು ಅವನು ಅಜ್ಜನವರಿಗೆ ವಿವರಿಸಿದ. ಅವರ ಅಪ್ಪಣೆಯೊಂದು ಸಿಕ್ಕರೆ ಸಾಕು, ನೀಲಗಂಗವ್ವ ಸಂಜೆಯೊಳಗೆ ಗಂಟುಮೂಟೆ ಕಟ್ಟಬೇಕು. ಅಜ್ಜನವರು ತಪ್ಪೆಂದೂ ಅನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಗುಡ್ಡ. ಅದರ ನೆತ್ತಿಯಿಂದ ಸೂರ್ಯ ಹುಟ್ಟುವುದನ್ನು ನೋಡಲು ದೂರದೂರದ ಜನ ಬರುತ್ತಿದ್ದರು. ಸೂರ್ಯ ಅವರ ಊರಲ್ಲೂ ಹುಟ್ಟುತ್ತಾನೆ, ಆದರೆ ಅಲ್ಲಿ ಆ ಹೊತ್ತಿಗೆ ಅವರು ಮಲಗಿರುತ್ತಾರೆ. ದಾರಿ ಬರೀ ಕಲ್ಲು ಕೊರಕಲು; ಜೀಪು ಬಿಟ್ಟರೆ ಬೇರೆ ಗಾಡಿ ಹತ್ತುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ, ಅದೂ ಮಂಜಿನಲ್ಲಿ ಹತ್ತಬೇಕು. ಹಾಗಾಗಿ ಅಲ್ಲಿಯ ಜೀಪಿನವರು ಇದ್ದ ಎರಡು ದೀಪ ಸಾಲದೆ ಬಂಪರಿನ ಮೇಲೆ ಹೆಚ್ಚಿನ ದೀಪ ಹಾಕಿಸುತ್ತಿದ್ದರು. ದೀಪ ಹೆಚ್ಚಿದ ಹಾಗೆ ಒಂದು ಕಟ್ಟಳೆಯೂ ಹುಟ್ಟಿಕೊಂಡಿತು. ಇಕ್ಕಟ್ಟಿನಲ್ಲಿ ಎರಡು ಜೀಪು ಎದುರಾದರೆ, ದೀಪ ಕಡಿಮೆ ಇದ್ದವನು ಹಿಂದಕ್ಕೆ ಸರಿಯಬೇಕು.

ಅಲ್ಲಿ ಒಬ್ಬ ಜೀಪಿನವನಿದ್ದ. ಹಿಂದಕ್ಕೆ ಸರಿದು ಸರಿದು ಅವನ ಕುತ್ತಿಗೆ ಉಳುಕಿತ್ತು. ರೋಸಿಹೋಗಿ ವೈರಿಂಗ್ ಮೇಸ್ತ್ರಿಯ ಹತ್ತಿರ ಎರಡು ದೀಪ ಹಾಕಿಸಿದ. ಮೇಸ್ತ್ರಿ ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಕೂರಿಸಿದ. ಬೆರಳುದ್ದವೂ ಇಲ್ಲದ ಗಾಜಿನ ಕೊಳವೆ, ಅದರೊಳಗೆ ಕೂದಲೆಳೆಯಂಥ ತಂತಿ. ಸ್ವಿಚ್ಚಿನ ಮೇಲೆ ಭಾರ ಬೀಳದಂತೆ ನಡುವೆ ಒಂದು ರಿಲೇ ಇಟ್ಟ. ತಗಡು ಕೊರೆದ ಕಡೆ ವೈರು ತರಚದಂತೆ ರಬ್ಬರಿನ ಉಂಗುರ ಹಾಕಿದ. ಈ ವೈರು ಎರಡು ದೀಪಕ್ಕೆ ಮಾತ್ರ, ಹೆಚ್ಚು ಹೊರಿಸಿದರೆ ಮೊದಲು ಫ್ಯೂಸ್ ಸುಡುತ್ತದೆ, ಸುಟ್ಟರೆ ದೀಪ ಕಡಿಮೆ ಮಾಡು ಎಂದು ಹೇಳಿ ಕಳಿಸಿದ. ಜೀಪಿನವನು ತಲೆಯಾಡಿಸಿದ. ಉಳುಕಿದ ಕುತ್ತಿಗೆ, ಹೌದೆಂದು ಆಡಿಸಿದನೋ ಇಲ್ಲವೆಂದು ಆಡಿಸಿದನೋ ದೇವರಿಗೇ ಗೊತ್ತು.

ಇವನದು ನೋಡಿ ಇನ್ನೊಬ್ಬ ನಾಲ್ಕು ಹಾಕಿಸಿದ. ಇವನು ಆರು ಹಾಕಿದ. ಈ ಸಲ ಮೇಸ್ತ್ರಿಯ ಹತ್ತಿರ ಹೋಗಲಿಲ್ಲ. ಹಳೆಯ ವೈರಿನ ಸಿಪ್ಪೆ ಸುಲಿದು, ಹೊಸ ವೈರು ಸುತ್ತಿ, ಮೇಲೆ ಟೇಪು ಹಚ್ಚಿದ. ಫ್ಯೂಸ್ ಸುಟ್ಟಿತು. ಹೊಸದು ಹಾಕಿದ, ಅದೂ ಸುಟ್ಟಿತು. ಎದುರಿಗೆ ಗಾಡಿ ಬಂದು, ಇನ್ನು ದೀಪ ಹಾಕಿ ಗತ್ತು ತೋರಿಸಬೇಕು ಅನ್ನುವ ಹೊತ್ತಿಗೇ ಅದು ಕೈಕೊಡುತ್ತಿತ್ತು. ಮತ್ತೆ ಕುತ್ತಿಗೆ ತಿರುಗಿಸಿ ಹಿಂದಕ್ಕೆ ಹೋಗಬೇಕು. ಅವನಿಗೆ ಅಳುವೇ ಬಂತು. ಇದು ಉಂಡ ಮನೆಗೆ ಎರಡು ಬಗೆಯುವ ವಸ್ತು ಎಂದು ಬೈದು ಫ್ಯೂಸನ್ನು ಕಿತ್ತು ಕೊರಕಲಿಗೆ ಎಸೆದ. ಅದರ ಜಾಗದಲ್ಲಿ ಒಂದು ಕಬ್ಬಿಣದ ಮೊಳೆ ಕೂರಿಸಿದ.

ಮೊಳೆ ಸುಡಲಿಲ್ಲ. ಆರು ದೀಪವೂ ಉರಿದವು. ಎಂಟು ಮಾಡಿದ, ಉರಿದವು. ಹನ್ನೆರಡು ಮಾಡಿದರೂ ಮೊಳೆ ತುಟಿ ಪಿಟಕ್ಕೆನ್ನಲಿಲ್ಲ. ಆಯುಧಪೂಜೆಯ ದಿನ ಅವನು ಜೀಪಿಗೆ ಕುಂಬಳಕಾಯಿ ಒಡೆದು, ಬಾನೆಟ್ ಎತ್ತಿ, ಮೊಳೆಗೆ ಬೇರೆಯಾಗಿ ಕುಂಕುಮ ಹಚ್ಚಿದ. ಈ ಗಾಡಿಯಲ್ಲಿ ನಿಯತ್ತು ಅಂತ ಇರುವುದು ಇದೊಂದಕ್ಕೇ ಎಂದು ಹೆಂಡತಿಗೆ ತೋರಿಸಿದ. ಮನೆಮಂದಿಯ ಹೊಟ್ಟೆ ತುಂಬುತ್ತಿದ್ದದ್ದು ಆ ಜೀಪಿನಿಂದಲೇ. ಹಾಗಾಗಿ ಆಕೆಯೂ ಮೊಳೆಗೆ ಕೈಮುಗಿದಳು.

ಒಂದು ದಿನ ನಸುಕಿನಲ್ಲಿ ಒಬ್ಬ ವರ್ತಕ ಹೆಂಡತಿ ಮಕ್ಕಳ ಸಮೇತ ಅವನ ಜೀಪು ಹತ್ತಿದ. ಅರ್ಧ ಗುಡ್ಡ ಹತ್ತುವಷ್ಟರಲ್ಲಿ, ಮೇಲೆ ಜನರನ್ನು ಬಿಟ್ಟು ಇಳಿಯುತ್ತಿದ್ದ ನಾಲ್ಕು ದೀಪದ ಜೀಪು ಎದುರಾಯಿತು. ಇವನು ಹನ್ನೆರಡನ್ನೂ ಒಟ್ಟಿಗೆ ಹೊತ್ತಿಸಿದ. ಎದುರಿನವನು ಕಣ್ಣಿಗೆ ಕೈ ಅಡ್ಡ ಹಿಡಿದು, ಬೈದುಕೊಳ್ಳುತ್ತ ಹಿಂದಕ್ಕೆ ಸರಿಯತೊಡಗಿದ. ಏರುದಾರಿ, ಸರಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಇವನು ಒಂದು ದೀಪವನ್ನೂ ಆರಿಸಲಿಲ್ಲ. ಅಂಥ ಸುಖವನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ.

"ಏನಪ್ಪಾ, ಮಂಜು ಗಾಡಿಯೊಳಗೂ ಬಂತಲ್ಲ?" ಎಂದು ವರ್ತಕ ಕೇಳಿದ.

"ನಮ್ಮ ಗುಡ್ಡದ ಮಂಜು ಹಂಗೇ ಸ್ವಾಮಿ, ಒಳಗೆ ಬಂದು ಮಾತಾಡಿಸಿಕೊಂಡು ಹೋಗುತ್ತೆ" ಎಂದ ಜೀಪಿನವನು.

ಮಂಜಿಗೆ ಸುಟ್ಟ ರಬ್ಬರಿನ ವಾಸನೆ ಯಾಕೆ ಎಂದು ವರ್ತಕನ ಹೆಂಡತಿ ಕೇಳುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬೆಂಕಿ ನಾಲಗೆ ಚಾಚಿತು. ಎಲ್ಲರೂ ಧುಮುಕಿದರು. ಯಾರಿಗೂ ಏನೂ ಆಗಲಿಲ್ಲ, ವರ್ತಕನ ಒಂದು ಚಪ್ಪಲಿ ಹೋಯಿತು. ಹಿಂದಕ್ಕೆ ಸರಿಯುತ್ತಿದ್ದವನೇ ಓಡಿ ಬಂದು ಮಣ್ಣು ಎರಚಿದ. ಆದರೂ ಜೀಪು ಉಳಿಯಲಿಲ್ಲ. ಟೈರುಗಳೂ ಸೇರಿ ಧಗಧಗ ಉರಿಯಿತು. ನೆತ್ತಿಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕಾಯುತ್ತಿದ್ದ ಜನ, ಬೆನ್ನ ಹಿಂದೆ ಕೆಂಪಾದದ್ದನ್ನು ಕಂಡು, ಇವತ್ತು ಸೂರ್ಯ ಪಡುವಣದಲ್ಲಿ ಹುಟ್ಟಿದನೆಂದು ಆ ಕಡೆ ತಿರುಗಿ ಕೈಮುಗಿದರು.

ಬೆಳಕು ಹರಿದ ಮೇಲೆ ಜೀಪಿನವನು ಬೂದಿಯಲ್ಲಿ ಕೈಯಾಡಿಸಿದ. ವೈರು ಇರಲಿಲ್ಲ, ದೀಪ ಇರಲಿಲ್ಲ, ಸೀಟು ಇರಲಿಲ್ಲ. ಮೊಳೆ ಸಿಕ್ಕಿತು. ಅದಕ್ಕೆ ಏನೂ ಆಗಿರಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವನು ಮಗುವಿನ ಹಾಗೆ ಅತ್ತ.

ಕತೆ ಮುಗಿಯಿತು. ಚನ್ನಮಲ್ಲಯ್ಯ ಬಿದ್ದು ಬಿದ್ದು ನಕ್ಕ. ಸಿಟ್ಟು ಇಳಿದು ಅವನ ಮೈ ಹಗುರಾಗಿತ್ತು. ಎಂಥ ಮಂಕನಪ್ಪಾ ಅವನು, ಫ್ಯೂಸ್ ಕಿತ್ತು ಯಾರಾದರೂ ಮೊಳೆ ಹಾಕುತ್ತಾರೆಯೇ ಎಂದು ಕಣ್ಣೊರೆಸಿಕೊಂಡ. ಆಮೇಲೆ ಬಂದ ಕೆಲಸ ನೆನಪಾಗಿ, ಹಾಗಾದರೆ ಹೊಸ ಅಡುಗೆಯಾಕೆಗೆ ನಾಳೆ ಬಾ ಎಂದು ಹೇಳಿ ಕಳಿಸಲೇ ಎಂದು ಕೇಳಿದ.

"ಎಷ್ಟು ಹೇರಿದರೂ ಆಕಿ ಬಾಯಿ ಬಿಡೂದಿಲ್ಲ ಅಂದೀಯಲ್ಲ ತಮ್ಮಾ, ಆ ಮೊಳೀನೂ ಬಿಟ್ಟಿರಲಿಲ್ಲ" ಎಂದರು ಅಜ್ಜನವರು.

ಚನ್ನಮಲ್ಲಯ್ಯ ಎದ್ದು, ನೀಲಗಂಗವ್ವ ಕುಳಿತಿದ್ದ ಬೇವಿನ ಮರದ ಕಡೆ ನಡೆದ.